ಬೆನ್ನ ಮೇಲಿನ ನಂಬರು

ನಾನು ಒಂದು ವಿಸಿಟಿಂಗ್ ಕಾರ್ಡ್. ಬರೀ ಕಾರ್ಡ್ ಎಂದು ಮೂಗು ಮುರಿಯಬೇಡಿ. ದಾವಣಗೆರೆಯ ಮಂಡಿಪೇಟೆಯ ಪ್ರೆಸ್ಸಿನಲ್ಲಿ ನಾನು ಹುಟ್ಟಿದ ದಿನ ನನ್ನ ಚಿನ್ನದ ಅಂಚಿನ ಹೊಳಪಿಗೆ ಅರ್ಧ ಊರು ಕಣ್ಣು ಮುಚ್ಚಿಕೊಂಡಿತ್ತು. ಅದು ಹಳದಿ ಶಾಯಿ ಎನ್ನುವವರಿದ್ದಾರೆ, ಹೊಟ್ಟೆಕಿಚ್ಚಿನವರು. ನನ್ನ ಜೊತೆ ಐನೂರು ಮಂದಿ ಹುಟ್ಟಿದರು, ಎಲ್ಲರೂ ಥೇಟ್ ನನ್ನ ಹಾಗೆ. ಆದರೂ ಚೆಂದ ಮಾತ್ರ ನಾನೊಬ್ಬನೇ.

ನನ್ನ ಮೇಲೆ ‘ಶಕುಂತಲಾ ಬಣಕಾರ, ಸಂಯೋಜಕಿ, ಸಣ್ಣ ಉದ್ಯಮಗಳ ಅಭಿವೃದ್ಧಿ’ ಎಂದಿತ್ತು. ಮೇಡಂ ಕೆಲಸವೇ ಪರಿಚಯ ಮಾಡಿಕೊಳ್ಳುವುದು. ಬ್ಯಾಂಕಿನವರು, ಯಂತ್ರದವರು, ವ್ಯಾಪಾರಿಗಳು ಸೇರಿದಲ್ಲೆಲ್ಲ ಹೋಗಿ, ನಮ್ಮನ್ನು ಕೈಗಿಟ್ಟು, ಮಂಡಕ್ಕಿ ಭಟ್ಟಿಯವರಿಗೆ ನೆರವಾಗಬಲ್ಲವರನ್ನು ಹುಡುಕುವುದು.

ಭಟ್ಟಿ ಎಂದರೆ ಹೊಗೆ. ಅಲ್ಲಿ ಅಕ್ಕಿ ಹುರಿಯುವ ಖೈರುನ್ಬಿಗೆ ಮೂರು ವರ್ಷದಿಂದ ಕೆಮ್ಮು. ಈ ಹೊಗೆಯಲ್ಲೇ ಇದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಭಟ್ಟಿ ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ.

“ಮೇಡಂ, ಈ ಕಾರ್ಡೆಲ್ಲ ಊರಿಗೆ ಹಂಚೋ ಬದಲು ನನ್ನ ಒಲೆಗೆ ಹಾಕಿ. ಒಂದು ಸೇರು ಮಂಡಕ್ಕಿಯಾದ್ರೂ ಆಗುತ್ತೆ,” ಎಂದಳು ಒಂದು ದಿನ.

“ನಿನ್ನ ಹೊಗೆ ನಿಲ್ಲಿಸೋರು ಸಿಗೋವರೆಗೂ ಹಂಚ್ತೀನಿ ಕಣೇ,” ಎಂದರು ಮೇಡಂ.

ಪರ್ಸಿನೊಳಗೆ ನನಗೆ ನಡುಕ. ಹೆದರಿಕೆಗಲ್ಲ, ಭಟ್ಟಿಯ ಪಕ್ಕದ ಚಳಿಗೆ.

ಹುಬ್ಬಳ್ಳಿಯ ಉದ್ಯಮಿಗಳ ಸಮಾವೇಶಕ್ಕೆ ಇಪ್ಪತ್ತು ಲಕ್ಷ ಜನ ಬಂದಿದ್ದರು. ಕುರ್ಚಿ ಇದ್ದದ್ದು ಇನ್ನೂರು; ಉಳಿದವರು ನನ್ನನ್ನು ನೋಡಲು ನಿಂತಿದ್ದರು. ಊಟದ ಸಾಲಿನಲ್ಲಿ ಮೇಡಂಗೆ ಬಾಬಣ್ಣ ಮೇಸ್ತ್ರಿ ಸಿಕ್ಕಿದರು. ಹೊಗೆಯಿಲ್ಲದ ಭಟ್ಟಿ ಕಟ್ಟುವವರು. ಅಂಗಡಿಯಿಲ್ಲ, ಬೋರ್ಡಿಲ್ಲ, ಕಾರ್ಡೂ ಇಲ್ಲ. ಮೇಡಂ ಮೊಬೈಲಿನ ಚಾರ್ಜ್ ಮುಗಿದಿತ್ತು. ನನ್ನನ್ನೇ ತೆಗೆದು ಬೆನ್ನ ಮೇಲೆ ಅವರ ಹೆಸರು, ನಂಬರು ಬರೆದುಕೊಂಡರು. ಆ ಹತ್ತು ಅಂಕಿ ಬಿದ್ದ ಕ್ಷಣ ನಾನು ಆನೆಯಷ್ಟು ಭಾರವಾದೆ.

ಐದೇ ನಿಮಿಷ. ದೊಡ್ಡ ವ್ಯಾಪಾರಿ ಹಂಪಣ್ಣ ಶೆಟ್ಟರು ಎದುರಾದರು. ಮೇಡಂ ನಗುತ್ತ ಪರ್ಸಿಗೆ ಕೈ ಹಾಕಿ, ಮೇಲೇ ಇದ್ದ ನನ್ನನ್ನು ತೆಗೆದು ಕೊಟ್ಟುಬಿಟ್ಟರು. ನಾನು ಮೂರು ಜಿಲ್ಲೆಗೆ ಕೇಳಿಸುವಂತೆ ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಅಂದು ಮೇಡಂ ಅರವತ್ತು ಜನಕ್ಕೆ ಕಾರ್ಡ್ ಕೊಟ್ಟಿದ್ದರು. ನಾನು ಯಾರ ಜೇಬು ಸೇರಿದೆನೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಶೆಟ್ಟರು ನನ್ನನ್ನು ಎರಡು ಸೆಕೆಂಡು ನೋಡಿದರು. ಆಮೇಲೆ ಅವರ ಅಂಗಡಿಯ ಡ್ರಾಯರು. ಅಲ್ಲಿ ನಾನೂರು ಕಾರ್ಡುಗಳು, ಎಲ್ಲ ದೊಡ್ಡವರೇ: ಡೈರೆಕ್ಟರು, ಮ್ಯಾನೇಜರು, ಅಧ್ಯಕ್ಷರು. ಮೈಗೆ ಮೈ ತಾಗಿಸಿ ಮಲಗಿದ್ದರೂ ಒಬ್ಬರೂ ಮಾತಾಡಲಿಲ್ಲ. ನಾನು ಚಿನ್ನದ ಅಂಚಿನ ಕಥೆ ಹೇಳಿದೆ. ಮತ್ತೊಮ್ಮೆ ಹೇಳಿದೆ. ಕೇಳುವವರಿಲ್ಲದಿದ್ದರೆ ಬಡಾಯಿ ಬಹಳ ಬೇಗ ಮುಗಿದುಹೋಗುತ್ತದೆ. ಆಮೇಲೆ ಬರೀ ನಂಬರನ್ನು ಹೇಳಿಕೊಳ್ಳುತ್ತ ಬಿದ್ದಿದ್ದೆ. ಎಲ್ಲೋ ಖೈರುನ್ಬಿ ಕೆಮ್ಮುತ್ತಿದ್ದಳು.

ಎಂಟು ತಿಂಗಳ ಮೇಲೆ, ಲೆಕ್ಕ ಬರೆಯುವ ಸುಮಿತ್ರಾಬಾಯಿ ಡ್ರಾಯರು ಖಾಲಿ ಮಾಡಲು ಕೂತರು. ಎಲ್ಲರನ್ನೂ ಕಸದ ಬುಟ್ಟಿಗೆ ಹಾಕುತ್ತ ಹಾಕುತ್ತ, ನನ್ನನ್ನು ಯಾಕೋ ತಿರುಗಿಸಿದರು. ಓದಿದರು. ಮುಂಬದಿಯ ನಂಬರಿಗೆ ಫೋನ್ ಹಚ್ಚಿದರು.

“ಮೇಡಂ, ನಿಮ್ಮ ಕಾರ್ಡಿನ ಹಿಂದ ಬಾಬಣ್ಣ ಮೇಸ್ತ್ರಿ ಅಂತ ಒಂದು ನಂಬರ್ ಐತ್ರಿ. ನಿಮಗ ಬೇಕಾಗಿತ್ತೇನ್ರಿ?”

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು.

“ಎಂಟು ತಿಂಗಳಿಂದ ಹುಡುಕ್ತಿದ್ದೀನಿ ಕಣ್ರೀ,” ಎಂದರು ಮೇಡಂ. “ನಿಧಾನಕ್ಕೆ ಹೇಳಿ. ಈ ಸಲ ಗೋಡೆ ಮೇಲೆ ಬರ್ಕೋತೀನಿ.”

ನಂಬರು ಹೋಯಿತು, ನಾನು ಹಗುರಾದೆ. ಸುಮಿತ್ರಾಬಾಯಿ ನನ್ನನ್ನು ಮಡಚಿ, ಗಾಳಿಗೆ ಬಡಿದುಕೊಳ್ಳುವ ಕಿಟಕಿಯ ಸಂದಿಗೆ ತುರುಕಿದರು. ಇವತ್ತಿಗೂ ಅಲ್ಲೇ ಇದ್ದೇನೆ. ಈ ಕಟ್ಟಡ ನಿಂತಿರುವುದೇ ನನ್ನಿಂದ.

ದೀಪಾವಳಿಯ ಹೊತ್ತಿಗೆ ದಾವಣಗೆರೆಯಿಂದ ಒಂದು ಪಾರ್ಸೆಲ್ ಬಂತು. ಒಳಗೆ ಬೆಳ್ಳನೆಯ ಮಂಡಕ್ಕಿ, ಒಂದು ಚೀಟಿ. ಸುಮಿತ್ರಾಬಾಯಿ ಗಟ್ಟಿಯಾಗಿ ಓದಿಕೊಂಡರು: “ಹೊಸ ಭಟ್ಟಿಯದು. ಕೆಮ್ಮು ಕಡಿಮೆ ಆಗಿದೆ. ಖೈರುನ್ಬಿ.” ಕಿಟಕಿಯ ಹತ್ತಿರ ನಿಂತು ಒಂದು ಹಿಡಿ ತಿಂದರು.

ಪಾರ್ಸೆಲ್ಲಿನ ಮೇಲೆ ಸುಮಿತ್ರಾಬಾಯಿ ಹೆಸರಿತ್ತು. ನಾನು ನನ್ನ ಹೆಸರನ್ನೂ ಹುಡುಕಿದೆ. ಆಮೇಲೆ ಹೊಳೆಯಿತು, ನನಗೆ ಹೆಸರೇ ಇಲ್ಲ. ಮುಂದಿರುವುದು ಮೇಡಂದು, ಹಿಂದಿರುವುದು ಬಾಬಣ್ಣನದು.

ಇದೊಂದನ್ನು ಮಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ.