ಕಲಾಯಿ ಹೋದ ಬೋಗಾಣಿ

"ನಮ್ಮ ಮನ್ಯಾಗೂ ಹಿಂಗ ಹಸರ ಬರ್ತೈತ್ರಿ ಮಾಸ್ತರ," ಎಂದಳು ಮಲಕವ್ವ, ಹುಡುಗಿಯರ ಸಾಲಿನಿಂದ ಎದ್ದು ನಿಂತು.

ಗುರಲಿಂಗಪ್ಪ ಮಾಸ್ತರರ ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೆ ಹಾಗೇ ನಿಂತಿತು. 'ಆಮ್ಲ ತಾಗಿದರೆ ತಾಮ್ರ ಹಸಿರುಗಟ್ಟುತ್ತದೆ' ಎಂದು ಒಂದು ಸಾಲು ಬರೆದಿದ್ದರು, ಅಷ್ಟೇ. ಟಿಕೋಟಾದ ಶಾಲೆಯಲ್ಲಿ ಈ ಪಾಠವನ್ನು ಪ್ರತಿ ವರ್ಷವೂ ಮಾಡಿದವರು ಅವರು. ತಾಮ್ರದ ತುಣುಕಿನ ಮೇಲೆ ಹುಳಿ ಮಜ್ಜಿಗೆ ಹನಿಸಿಟ್ಟು, ಮರುದಿನ ಮೇಲೆದ್ದ ಹಸಿರು ತೋರಿಸಿ, "ನೋಡ್ರೋ, ಹುಳಿ ತಾಮ್ರಾನ ತಿಂದೈತಿ. ಇದು ಮಜ್ಜಿಗೀನೂ ಅಲ್ಲ, ತಾಮ್ರಾನೂ ಅಲ್ಲ. ವಿಷ!" ಎನ್ನುವಾಗ ಅವರಿಗೊಂದು ಉಮೇದು ಬರುತ್ತಿತ್ತು. ಈ ಸಲ ಏನನ್ನೂ ತಂದಿರಲಿಲ್ಲ. ನಾಲ್ಕು ಸಾಲು ಬರೆಯಿಸಿ ಪುಟ ತಿರುವಿಬಿಡಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದರು.

"ಯಾವುದರಾಗ ಬರ್ತೈತಿ?" ಎಂದು ಕೇಳಿದರು, ತಿರುಗದೆ.

"ಹಿತ್ತಾಳಿ ಬೋಗಾಣ್ಯಾಗ್ರಿ. ಕಲಾಯಿ ಪೂರಾ ಹೋಗೇತ್ರಿ. ಕಲಾಯಿ ಮಾಡಾವ ಬರವಲ್ಲ. ನಮ್ಮವ್ವ ಒರಸಿ, ಮತ್ತ ಅದರಾಗ ಮಜ್ಜಿಗಿ ಹಾಕಿಡ್ತಾಳ್ರಿ."

ಮಲಾಯಾ ಜಪಾನಿನವರ ಪಾಲಾದ ಮೇಲೆ ಕಲಾಯಿಗೆ ಬೇಕಾದ ತವರ ಸಿಗುವುದೇ ದುಸ್ತರವಾಗಿತ್ತು. ವಿಜಾಪುರದ ಸೊಲ್ಲಾಪುರ ರಸ್ತೆಯಿಂದ ತಿದಿ, ಇದ್ದಿಲು ಹೊತ್ತು ಬರುತ್ತಿದ್ದ ಕಲಾಯಿಗಾರ ಇತ್ತ ತಲೆ ಹಾಕದೆ ಬಹಳ ದಿನವಾಗಿತ್ತು. ಮನೆಮನೆಯ ಹಿತ್ತಾಳೆ ಪಾತ್ರೆಗಳ ಒಳಮೈಯ ಬೆಳ್ಳಗಿನ ಲೇಪ ಸವೆದು, ತಾಮ್ರ ಬೆರೆತ ಕೆಳಗಿನ ಹಳದಿ ಲೋಹ ಇಣುಕುತ್ತಿತ್ತು.

ಮಾಸ್ತರರ ಮನೆಯಲ್ಲೂ ಹಾಗೇ. ಯುಗಾದಿ ಕಳೆದ ಹೊಸದರಲ್ಲಿ ಬಿಸಿಲು ಜೋರಾಗಿತ್ತೆಂದು ಹೆಂಡತಿ ನೀಲಾಬಾಯಿ ಒಂದು ಬೋಗಾಣಿ ತುಂಬ ಮಜ್ಜಿಗೆ ಮಾಡಿಟ್ಟಿದ್ದಳು. ಮರುದಿನಕ್ಕೆ ಅದು ಹುಳಿ ಏರಿತು. ದೊಡ್ಡವರು ಒಂದು ಗುಟುಕು ಕುಡಿದು ಮುಖ ಕಿವುಚಿ ಬಿಟ್ಟರು. ನಾಲ್ಕು ವರ್ಷದ ಮಗಳು ಅಕ್ಕನಾಗಮ್ಮ ಮಾತ್ರ ಆಟದ ನಡುವೆ ಓಡೋಡಿ ಬಂದು, ಬೆಲ್ಲ ಹಾಕಿಸಿಕೊಂಡು ಮತ್ತೆ ಮತ್ತೆ ಕುಡಿದಳು. ಸಂಜೆಗೆ ವಾಂತಿ ಶುರುವಾಯಿತು, ಆಮೇಲೆ ಭೇದಿ. ಬೆಳಕು ಹರಿಯುತ್ತಲೇ ಚಕ್ಕಡಿ ಕಟ್ಟಿಸಿ ವಿಜಾಪುರದ ದವಾಖಾನೆಗೆ ಹೊರಟರು. ಗುಮ್ಮಟ ದೂರದಲ್ಲಿ ಕಾಣುವ ಹೊತ್ತಿಗೆ ತಾಯಿಯ ತೊಡೆಯ ಮೇಲೆ ಮಗು ತಣ್ಣಗಾಗಿತ್ತು.

"ಯಾರದೋ ಕೆಟ್ಟ ದೃಷ್ಟಿ ತಾಕ್ತು," ಎಂದು ಮಾಸ್ತರರ ತಾಯಿ ರುದ್ರವ್ವ ಎದೆ ಬಡಿದುಕೊಂಡಳು. ಮಾಸ್ತರರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮಣ್ಣು ಮಾಡಿ ಬಂದ ದಿನವೇ ಅಡುಗೆಮನೆಯಲ್ಲಿ ಬೋಗಾಣಿ ಬಾಗಿಸಿ ನೋಡಿದ್ದರು. ಅಂಚಿನ ಕೆಳಗೆ ಸುತ್ತಲೂ ಹಸಿರು ಗೆರೆ. ಬೂದಿ ಹಾಕಿ ತಿಕ್ಕಿ, ಒಯ್ದು ಅಟ್ಟದ ಮೇಲೆ ಬೋರಲು ಹಾಕಿದರು. ಇದು ಗೊತ್ತಾದರೆ ನೀಲಾಬಾಯಿ ಬದುಕಲಾರಳು ಎಂದುಕೊಂಡರು. ದೃಷ್ಟಿಯೆಂದರೆ ದೃಷ್ಟಿಯೇ ಆಗಲಿ.

ಈಗ ತಿರುಗಿ ನೋಡಿದರು. ಮಲಕವ್ವ ಇನ್ನೂ ನಿಂತೇ ಇದ್ದಳು.

"ಆ ಮಜ್ಜಿಗಿ ಯಾರ ಕುಡಿತಾರ?"

"ಎಲ್ಲಾರೂ ಕುಡಿತೇವ್ರಿ. ನನ್ನ ತಂಗಿ ಭಾಳ ಕುಡಿತಾಳ."

"ಈಗ ಮನಿಗೆ ಹೋಗು. ಚೆಲ್ಲಂತ ಹೇಳು ನಿಮ್ಮವ್ವಗ."

"ಯಾಕ ಅಂತ ಕೇಳ್ತಾಳ್ರಿ."

ಮಾಸ್ತರರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

"ಮಾಸ್ತರ ಮಗಳು ಅದನ್ನ ಕುಡದ ಸತ್ತಳು ಅಂತ ಹೇಳು."

ಮಧ್ಯಾಹ್ನ ಮನೆಗೆ ಬಂದಾಗ ನೀಲಾಬಾಯಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಒಲೆ ಹೊತ್ತಿರಲಿಲ್ಲ. ಮಲಕವ್ವನ ತಾಯಿ ಬಂದು ಹೋಗಿದ್ದಳೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಖರೇ ಏನ್ರಿ?"

"ಖರೇ."

"ಯಾವಾಗಿಂದ ಗೊತ್ತಿತ್ತು?"

"ಮಣ್ಣ ಮಾಡಿ ಬಂದಾಗಿಂದ. ನಿನಗ ತಡಕೊಳ್ಳಾಕ ಆಗೂದಿಲ್ಲಂತ..."

"ಅದನ್ನ ಕೇಳಲಿಲ್ಲರಿ ನಾ," ಎಂದಳು. ದನಿ ಏರಿರಲಿಲ್ಲ. "ಇಂಥಾ ಬೋಗಾಣ್ಯಾಗ ಹುಳಿ ಇಟ್ರ ವಿಷ ಆಗ್ತೈತಿ ಅನ್ನೂದು ಯಾವಾಗಿಂದ ಗೊತ್ತಿತ್ತು?"

ಮಾಸ್ತರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲೇ ಹಿಡಿದುಕೊಂಡರು. "ಮೊದಲಿಂದ. ವರ್ಷಾ ವರ್ಷಾ ಸಾಲ್ಯಾಗ ಹೇಳ್ತೀನಿ."

"ಊರ ಮಕ್ಕಳಿಗೆಲ್ಲಾ ಹೇಳೀರಿ. ಮನ್ಯಾಗ ನನಗೊಂದ ಮಾತ ಹೇಳಿದ್ರ ಏನಾಗ್ತಿತ್ತರಿ?" ಅವಳು ತನ್ನ ಅಂಗೈ ನೋಡಿಕೊಂಡಳು. "ಬ್ಯಾಡ ಅಂದ್ರೂ ಕೂಸು ಕೇಳಲಿಲ್ಲ ಅಂತ, ಈ ಕೈಲೆ ಬೆಲ್ಲಾ ಕಲಸಿ ಕೊಟ್ಟೀನಿ."

"ಗಂಡಗ ಹಿಂಗ ಕೇಳ್ತಾರೇನ ಬೇ?" ಎಂದು ಒಳಗಿನಿಂದ ರುದ್ರವ್ವ ಗದರಿದಳು.

"ಯವ್ವಾ, ಸುಮ್ನಿರು," ಎಂದರು ಮಾಸ್ತರರು. ಅವರ ಪಾಲಿಗೆ ಆ ಪಾಠ ಹಲಗೆಯ ಮೇಲೆ ಇರುವಂಥದು, ಶಾಲೆಯ ಕೀಲಿ ಹಾಕಿದರೆ ಒಳಗೇ ಉಳಿಯುವಂಥದು. ಮನೆಗೆ ಬಂದರೆ ಕೈಕಾಲು ತೊಳೆದು, ಊಟವಾಯಿತೇ ಎಂದು ಕೇಳುತ್ತಿದ್ದರು. ಏನು ಹಾಕಿ, ಎಲ್ಲಿಟ್ಟು, ಹೇಗೆ ಮಾಡಿದ್ದು ಎಂದು ಒಂದು ದಿನವೂ ಕೇಳಿರಲಿಲ್ಲ.

ನೀಲಾಬಾಯಿ ಎದ್ದಳು. ತಲೆಯ ಮೇಲೆ ಸೆರಗೆಳೆದುಕೊಂಡು, ಚಪ್ಪಲಿ ಮೆಟ್ಟದೆ ಬಿಸಿಲಿಗಿಳಿದಳು. ಬಾವಿಯ ಹಾದಿ ಹಿಡಿದಳೆಂದು ಮಾಸ್ತರರು ಹಿಂದೆಯೇ ಓಡಿದರು. ಅವಳು ಬಾವಿಯ ಕಡೆ ಹೊರಳಲಿಲ್ಲ. ಓಣಿಯ ಕೊನೆಯಲ್ಲಿ ದಾವಲಬಿಯ ಬಾಗಿಲಿಗೆ ನಿಂತಳು.

"ದಾವಲಬಿ, ನಿಮ್ಮ ಮಜ್ಜಿಗಿ ಪಾತೇಲಿ ತಾರವ್ವಾ. ನೋಡ್ತೀನಿ."

ದಾವಲಬಿ ಏನೂ ಕೇಳದೆ ತಂದುಕೊಟ್ಟಳು. ಅವಳ ಹಿಂದೆಯೇ ಆಕೆಯ ಪುಟ್ಟ ಮಗಳೂ ಬಂದಳು. ನೀಲಾಬಾಯಿ ಪಾತ್ರೆಯನ್ನು ಬಿಸಿಲಿಗೆ ಓರೆಮಾಡಿ, ಒಳಮೈಯನ್ನು ಬೆರಳಿಂದ ಸವರಿ ನೋಡಿದಳು. "ಇದರಾಗ ಹುಳಿ ಇಡಬ್ಯಾಡ ತಂಗಿ. ಮಣ್ಣಿನ ಗಡಗ್ಯಾಗ ಇಡು," ಎಂದು ಮರಳಿ ಕೊಟ್ಟಳು. ಮುಂದಿನ ಮನೆಯ ಕಡೆ ಒಂದು ಹೆಜ್ಜೆ ಇಟ್ಟಳು. ಇಟ್ಟವಳು ನಿಂತಳು. ಆ ಮಗು ಅವಳ ಸೀರೆಯ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು.

ಮಾಸ್ತರರು ನೆಲ ಕಾದ ಓಣಿಯಲ್ಲಿ ದೂರವೇ ಉಳಿದರು. ದಾವಲಬಿ ಬಿಡಿಸಲು ಬಗ್ಗಿದಳು. ನೀಲಾಬಾಯಿ ಬೇಡವೆಂದು ಕೈ ಮಾಡಿ, ಸುಡುವ ಮಣ್ಣಿನಲ್ಲಿ ಬರಿಗಾಲಲ್ಲಿ, ಆ ಮುಷ್ಟಿ ತಾನಾಗಿ ಸಡಿಲುವ ತನಕ ಅಲುಗದೆ ನಿಂತೇ ಇದ್ದಳು.