ಮಂಗಳವಾರದ ತಂತಿ

ಹನುಮಣ್ಣ ತಂತಿಯ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಶಾಮಿಯಾನ ಕಟ್ಟಲು ಅಂಗಳದಲ್ಲಿ ಜಾಗ ಬೇಕಿತ್ತು, ತಂತಿ ಅಡ್ಡ ಬರುತ್ತಿತ್ತು. ಕೊನೆಗೆ ಉಳಿದದ್ದು ಒಂದು ನೀಲಿ ಲುಂಗಿ. ಅದಕ್ಕೆ ಹಾಕಿದ ಕೈಯನ್ನು ಹನುಮಣ್ಣ ಹಿಂದಕ್ಕೆ ತೆಗೆದುಕೊಂಡ. ನಿನ್ನೆ ಸಂಜೆ ದುರುಗಣ್ಣ ತಾನೇ ಒಗೆದು ಹರವಿದ ಲುಂಗಿ ಅದು. ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

"ತಗೀಯಪ್ಪ, ಒಣಗೈತಿ," ಎಂದಳು ದುರುಗಣ್ಣನ ಹೆಂಡತಿ ಅಂಜಿನಕ್ಕ, ಶವದ ಪಕ್ಕದಲ್ಲಿ ಕೂತಲ್ಲಿಂದಲೇ.

ಹನುಮಣ್ಣ ಲುಂಗಿ ಮಡಿಸಿ ಅವಳ ತೊಡೆಯ ಮೇಲಿಟ್ಟ. ಪಕ್ಕದ ಮನೆಯವನು, ಇಂಥ ಹೊತ್ತಿನಲ್ಲಿ ಓಣಿಯ ಕೆಲಸವೆಲ್ಲ ಅವನ ತಲೆಯ ಮೇಲೆಯೇ. "ಅಕ್ಕಾ, ಬಿಸಲು ನೋಡು ಹೆಂಗೈತಿ. ಮೂರು ಗಂಟಿಗೆ ಎತ್ತಬೇಕು."

"ಹೊನ್ನೂರಿ ಬರ್ಲಿ."

"ಬರ್ತಾಳಂತೇನು?"

ಅಂಜಿನಕ್ಕ ಲುಂಗಿಯ ಮಡಿಕೆ ಸವರಿದಳು. ಹೊನ್ನೂರಮ್ಮ ದುರುಗಣ್ಣನ ಒಬ್ಬಳೇ ತಂಗಿ, ಹರಪನಹಳ್ಳಿ ಕಡೆಯ ಅರಸೀಕೆರೆಗೆ ಕೊಟ್ಟ ಹೆಣ್ಣು. ಅಣ್ಣ ತಂಗಿ ಮಾತು ಬಿಟ್ಟು ಹದಿನೈದು ವರ್ಷವಾಗಿತ್ತು. ಮಗ ಅಂಜಿನಿ ಬೆಳಿಗ್ಗೆಯೇ ಫೋನು ಹಚ್ಚಿದ್ದ. ಅವಳ ಗಂಡ ಎತ್ತಿಕೊಂಡು "ಹೇಳ್ತೀನಿ" ಅಂದಿದ್ದನೇ ಹೊರತು ಬರುತ್ತೇವೆ ಅಂದಿರಲಿಲ್ಲ.

ಗೋಡೆಗೆ ಒರಗಿದ್ದ ಸೈಕಲ್ಲಿನ ಕ್ಯಾರಿಯರ್ ಮೇಲೆ ಬಟ್ಟೆಯ ಗಂಟು ಬಿಗಿದೇ ಇತ್ತು. ಇವತ್ತು ಮಂಗಳವಾರ, ಅರಸೀಕೆರೆಯ ದಿನ. ರಾತ್ರಿಯೇ ಗಂಟು ಕಟ್ಟಿಟ್ಟು ಮಲಗಿದ್ದ ಮಹಾರಾಯ.

*

ಕೊಟ್ಟೂರಿನಲ್ಲಿ ದುರುಗಣ್ಣನನ್ನು ಸೀರೆ ಮಾರುವವನು ಅಂದರೆ ಅರ್ಧ ಮಾತ್ರ ಹೇಳಿದ ಹಾಗೆ. ಬಸ್ಸಿನ ಮೇಲೆ ಸೈಕಲ್ ಏರಿಸಿಕೊಂಡು ಒಂದು ದಿನ ಹಗರಿಬೊಮ್ಮನಹಳ್ಳಿ ಕಡೆ, ಒಂದು ದಿನ ಕೂಡ್ಲಿಗಿ ಕಡೆ, ಮಂಗಳವಾರ ಹರಪನಹಳ್ಳಿ ಕಡೆ ಹೋಗುತ್ತಿದ್ದ. ಊರು ಬಂದರೆ ಇಳಿದು ಸೈಕಲ್ ತಳ್ಳಿಕೊಂಡು ಓಣಿ ಸುತ್ತುತ್ತಿದ್ದ. ಮೊದಲ ಸುತ್ತಿನಲ್ಲಿ ಕೂಗುತ್ತಲೇ ಇರಲಿಲ್ಲ. ಒಣಹಾಕಿದ ಬಟ್ಟೆ ನೋಡುತ್ತಿದ್ದ, ಅಷ್ಟೇ.

"ಕೇಳಿದ್ರ ಹೆಣ್ಮಕ್ಳು ಏನೂ ಬ್ಯಾಡ ಅಂತಾರ," ಎಂದು ಹೆಂಡತಿಗೆ ಹೇಳುತ್ತಿದ್ದ. "ತಂತಿ ನೋಡಿದ್ರ ಏನ್ ಬೇಕಾಗೈತಿ ಅಂತ ತಿಳೀತೈತಿ."

ತಂತಿಯ ಮೇಲೆ ಅವನಿಗೆ ಏನೇನೋ ಕಾಣುತ್ತಿತ್ತು. ಮುದುಕರ ಧೋತರಗಳು ವರ್ಷ ವರ್ಷಕ್ಕೂ ಕಡಿಮೆಯಾದದ್ದು, ಲುಂಗಿಯ ಪಕ್ಕಕ್ಕೆ ಪ್ಯಾಂಟು ಬಂದು ಕೂತದ್ದು, ಶಾಲೆ ಬಿಟ್ಟ ಹುಡುಗಿಯ ಯೂನಿಫಾರ್ಮು ಇಳಿದು ಲಂಗ ದಾವಣಿ ಏರಿದ್ದು. ಯಾವ ಮನೆಗೆ ಸೊಸೆ ಬಂದಳು, ಯಾವ ಮನೆಗೆ ಮಗಳು ತಿರುಗಿ ಬಂದಳು ಅನ್ನುವುದನ್ನು ಆ ಮನೆಯವರು ಬಾಯಿಬಿಡುವ ಮೊದಲೇ ತಿಳಿದುಕೊಂಡಿರುತ್ತಿದ್ದ. ತಿಳಿದುಕೊಂಡು ತಕ್ಕ ಬಟ್ಟೆ ಗಂಟಿನ ಮೇಲುಗಡೆ ಇಟ್ಟು, ಎರಡನೇ ಸುತ್ತಿಗೆ ಕೂಗುತ್ತಾ ಬರುತ್ತಿದ್ದ.

ಅವನಿಗೆ ಮಾಲು ಕೊಡುತ್ತಿದ್ದ ಬಜಾರಿನ ಬೆನಕಪ್ಪನವರು ಪ್ರತಿ ಸಲ ಊರಿಂದೂರಿಗೆ ಖರೀದಿಗೆ ಹೊರಡುವ ಮುಂಚೆ ದುರುಗಣ್ಣನನ್ನು ಕರೆಸಿ, ಚಹಾ ಕುಡಿಸಿ, "ಏನಂತಾವಪ್ಪ ತಂತಿಗಳು?" ಎಂದು ಕೇಳುತ್ತಿದ್ದರು.

*

"ನೈಟಿ ತರಿಸ್ರಿ ಅಂದಾಗ ನಾನು ಬೈದಿದ್ದೆ," ಎಂದರು ಬೆನಕಪ್ಪ. ಹೊಸ ಧೋತರವನ್ನು ಶವದ ಪಾದದ ಹತ್ತಿರ ಇಟ್ಟು, ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. "ಬೊಮ್ಮನಹಳ್ಳಿ ಕ್ವಾಟ್ರಸ್‌ನ್ಯಾಗ ಒಬ್ಬ ಟೀಚರಮ್ಮನ ತಂತಿ ಮ್ಯಾಗ ಒಂದು ನೋಡಿದ್ನಂತ. ಒಂದ! ಹಳ್ಳ್ಯಾಗ ಯಾರು ತೊಡ್ತಾರಲೇ ಅಂದೆ. ಎಲ್ಡು ವರ್ಷ ತಡೀರಿ, ಮ್ಯಾಲೊಂದು ಟವಲ್ ಹಾಕ್ಕೊಂಡು ನಳಕ್ಕ ನೀರಿಗೆ ಬರ್ತಾರ ಅಂದ."

"ಬಂದ್ವಲ್ರಿ ಮತ್ತ," ಎಂದಳು ಎದುರು ಮನೆಯ ಚೌಡಕ್ಕ. "ನನಗೂ ಒಂದು ಕೊಟ್ಟಿದ್ದ. ನಮ್ಮತ್ತಿ ಮೂರು ದಿನ ಮಾತಾಡ್ಲಿಲ್ಲ."

ಸಾವಿನ ಮನೆಯಲ್ಲೂ ಒಂದು ಸಣ್ಣ ನಗೆ ಎದ್ದು ಅಡಗಿತು. ಅಂಜಿನಕ್ಕನೂ ನಕ್ಕಳು, ನಕ್ಕದ್ದಕ್ಕೇ ಅಳು ಬಂತು.

"ಎಲ್ರ ಮನೀ ತಂತಿ ಓದಿದ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಸ್ವಂತ ತಂಗೀದು ಓದಾಕ ಬರ್ಲಿಲ್ಲ."

*

ಅದು ತೊಂಬತ್ತೆರಡರ ಮಾತು. ಹೊನ್ನೂರಮ್ಮನ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಒಂದು ಮಂಗಳವಾರ ಅರಸೀಕೆರೆಯಿಂದ ದುರುಗಣ್ಣ ಮನೆಗೆ ಬಂದದ್ದೇ ಬೇರೆ ಥರ. ಸೈಕಲ್ ನಿಲ್ಲಿಸಲೂ ತಾಳ್ಮೆ ಇಲ್ಲ.

"ಲೇ ಅಂಜಿನಿ ಅವ್ವಾ! ಹೊನ್ನೂರಿ ತಂತಿ ಮ್ಯಾಗ ಕೂಸಿನ ಬಟ್ಟಿ ಅದಾವ! ಹಳೇ ಸೀರಿ ಹರ್ದು ಮೆತ್ತಗ ಮಾಡಿ, ಒಗ್ದು ಹಾಕ್ಯಾಳ. ಹಡಿಯೋಕಿಂತ ಮುಂಚೆ ಮಾಡಿಟ್ಕೊಳ್ತಾರ ನೋಡು, ಹಂಗ."

"ಆಕಿನ್ನ ಕೇಳಿದ್ಯಾ?"

"ಏನ್ ಕೇಳೋದು? ಆರು ವರ್ಷಕ್ಕ ಬಸಿರು ನಿಂತೈತಿ, ಕಣ್ಣು ಬಿದ್ದೀತು ಅಂತ ಸುಮ್ನದಾಳ. ನಾವ ಹೋಗಿ ಕುಬಸ ಮಾಡಿದ್ರ ಆತು."

ಬಸುರಿಗೆ ತವರಿನವರು ಮಾಡುವ ಕುಬಸ. ಬೆನಕಪ್ಪನವರ ಅಂಗಡಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಸಿರು ಸೀರೆ ಆರಿಸಿದ. ಹಸಿರು ಬಳೆ, ಹಡಗಲಿ ಮಲ್ಲಿಗೆ, ಸಿಹಿ ತಿಂಡಿ, ಐದು ಜನ ಮುತ್ತೈದೆಯರು. ಹೇಳದೆ ಕೇಳದೆ ಹೋಗಿ ತಂಗಿಯನ್ನು ಬೆರಗುಗೊಳಿಸಬೇಕೆಂಬ ಹುಮ್ಮಸ್ಸು ಅವನದು. ಅರಸೀಕೆರೆಯ ಓಣಿಯ ಹೆಂಗಸರೆಲ್ಲ ತಟ್ಟೆ ನೋಡಿ ಹಿಂದೆಯೇ ಬಂದರು.

ಬಾಗಿಲು ತೆಗೆದ ಹೊನ್ನೂರಮ್ಮ ತಟ್ಟೆ ನೋಡಿದಳು, ಹಸಿರು ಸೀರೆ ನೋಡಿದಳು, ಓಣಿ ನೋಡಿದಳು.

"ಅವು ಬಾಜು ಮನಿಯವ್ರ ಬಟ್ಟಿ, ಅಣ್ಣ. ಅವ್ರ ತಂತಿ ಹರ್ದಿತ್ತು. ನಮ್ಮ ತಂತಿ ಮ್ಯಾಗ ಹಾಕಿದ್ರು."

ಹಿಂದೆ ಯಾರೋ "ಅಯ್ಯೋ ಪಾಪ" ಅಂದರು. ಅದು ಕೇಳಿದ ಮೇಲೆಯೇ ಹೊನ್ನೂರಮ್ಮನ ಮುಖ ಕೆಟ್ಟದ್ದು.

"ಒಂದ್ ಮಾತು ನನ್ನ ಕೇಳ್ಬಾರ್ದಾಗಿತ್ತಾ? ಓಣಿ ಮುಂದ ನನ್ನ ನಿಲ್ಸಿದ್ಯಲ್ಲ. ಇನ್ಮ್ಯಾಗ ಈ ಬಾಗ್ಲಿಗೆ ಬರಬ್ಯಾಡ."

ದುರುಗಣ್ಣ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಬಂದುಬಿಟ್ಟ. ಮೂರು ದಿನಕ್ಕೆ ತಟ್ಟೆ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೂರಿಗೆ ಬಂತು. ಬಳೆ ಇತ್ತು, ತಿಂಡಿ ಇತ್ತು. ಸೀರೆ ಇರಲಿಲ್ಲ.

"ಸೀರಿ ಇಟ್ಕೊಂಡಾಳ ಲೇ," ಎಂದ ಹೆಂಡತಿಗೆ. ಸಣ್ಣ ಹುಡುಗನ ಹಾಗೆ ಹೇಳಿದ. "ಸಿಟ್ಟು ಇಳಿದ ಮ್ಯಾಗ ಉಡ್ತಾಳ. ಉಟ್ರ ಒಗೀತಾಳ. ಒಗದ್ರ ತಂತಿ ಮ್ಯಾಗ ಕಾಣ್ತೈತಿ. ಅವತ್ತು ಹೋಗಿ ಬಾಗ್ಲು ಬಡೀತೀನಿ."

ಅಲ್ಲಿಂದ ಒಂದು ಮಂಗಳವಾರವೂ ತಪ್ಪಲಿಲ್ಲ. ಸಂಜೆ ಅವನು ಕಾಲು ತೊಳೆಯುವಾಗ ಅಂಜಿನಕ್ಕ ನೀರು ಹಾಕುತ್ತಾ ಕೇಳುತ್ತಿದ್ದಳು: "ಇತ್ತಾ?"

"ಇಲ್ಲ."

ಮುಂದಮುಂದಕ್ಕೆ ಅವಳು ಕೇಳುವುದನ್ನು ಬಿಟ್ಟಳು. ಅವನೇ ತಲೆ ಅಲ್ಲಾಡಿಸಿ ಒಳಗೆ ಹೋಗುತ್ತಿದ್ದ.

*

ಮೂರಾಯಿತು. ಭಜನೆಯವರು ಎದ್ದು ನಿಂತರು. ಹನುಮಣ್ಣ ಅಂಜಿನಕ್ಕನ ಮುಖ ನೋಡಿದ. ಅವಳು "ಇನ್ನೊಂದು ಚೂರು" ಎಂದಳು. ಮೂರೂವರೆಗೂ ಅದನ್ನೇ ಹೇಳಿದಳು. ಆಮೇಲೆ ತಾನೇ ಎದ್ದು ಪಕ್ಕಕ್ಕೆ ಸರಿದಳು.

ಶವ ಎತ್ತಲು ಬಗ್ಗಿದಾಗ ಓಣಿಯ ತಿರುವಿನಲ್ಲಿ ಮೊಪೆಡ್ಡಿನ ಸದ್ದು ಕೇಳಿತು. ಗಂಡನ ಹಿಂದೆ ಕೂತಿದ್ದ ಹೊನ್ನೂರಮ್ಮ ಗಾಡಿ ನಿಲ್ಲುವ ಮೊದಲೇ ಇಳಿದಳು. ಮೈಮೇಲೆ ಹಸಿರು ಸೀರೆ.

"ಸತ್ತ ಮನಿಗೆ ಏನುಟ್ಕೊಂಡು ಬಂದಾಳ ನೋಡ್ರವ್ವ," ಎಂದು ಚೌಡಕ್ಕ ಪಿಸುಗುಟ್ಟಿದಳು.

"ಸುಮ್ನಿರು," ಎಂದಳು ಅಂಜಿನಕ್ಕ. ಹದಿನೈದು ವರ್ಷ ಗಂಡನ ಬಾಯಲ್ಲಿ ಕೇಳಿದ ಸೀರೆಯ ಅಂಚು ಅವಳಿಗೆ ಗುರುತು ಸಿಗದೆ ಇರುತ್ತದೆಯೇ?

ಹೊನ್ನೂರಮ್ಮ ಅಳಲಿಲ್ಲ. ಅಣ್ಣನ ಪಕ್ಕ ಕೂತು ಸೆರಗನ್ನು ಅವನ ಕೈಮೇಲೆ ಹಾಸಿದಳು. "ನೋಡಣ್ಣ," ಎಂದಳು. "ಉಟ್ಕೊಂಡು ಬಂದೀನಿ. ನೋಡು." ಹನುಮಣ್ಣ ಮುಖ ಆ ಕಡೆ ತಿರುಗಿಸಿಕೊಂಡ.

*

ಗಂಡಸರು ಮಣ್ಣಿಗೆ ಹೋದ ಮೇಲೆ ಹೆಂಗಸರು ಹಿತ್ತಲಲ್ಲಿ ಒಬ್ಬೊಬ್ಬರಾಗಿ ತಲೆಗೆ ನೀರು ಹಾಕಿಕೊಂಡರು. ಸಾವಿನ ಮನೆಯಲ್ಲಿ ಮೈಮೇಲಿದ್ದ ಬಟ್ಟೆ ಅಲ್ಲೇ ಒಗೆಯಬೇಕು. ಹೊನ್ನೂರಮ್ಮ ಅತ್ತಿಗೆಯ ಹಳೆಯ ಸೀರೆ ಉಟ್ಟು, ಹಸಿರು ಸೀರೆಯನ್ನು ಕಲ್ಲಿಗೆ ಬಡಿಯದೆ ಬಕೆಟ್ಟಿನಲ್ಲೇ ಅದ್ದಿ ತೆಗೆದಳು.

ಹಿಂಡಲು ಅಂಜಿನಕ್ಕ ಇನ್ನೊಂದು ತುದಿ ಹಿಡಿದಳು. ನಿರಿಗೆಯ ಜಾಗ ಸವೆದು ಬಲೆಯಂತಾಗಿತ್ತು. ಮೊಣಕಾಲಿನ ಹತ್ತಿರ ಎರಡು ಕಡೆ ಸಣ್ಣಗೆ ಹೊಲಿದಿತ್ತು. ಹತ್ತಾರು ಸಲ ಅಲ್ಲ, ನೂರಾರು ಸಲ ಉಟ್ಟ ಸೀರೆ. ಆದರೆ ಬಣ್ಣ ಅಂಗಡಿಯಿಂದ ಈಗ ತಂದಂತಿತ್ತು. ಬಟ್ಟೆ ವ್ಯಾಪಾರದವನ ಹೆಂಡತಿಗೆ ಅಷ್ಟೂ ತಿಳಿಯದೆ?

"ಇದು ಬಿಸಲು ಕಂಡಿಲ್ಲ, ಹೊನ್ನೂರಿ."

"ಒಳಗ ಹಗ್ಗ ಕಟ್ಟಿದ್ದೆ, ಅತ್ತಿಗಿ. ಅಟ್ಟದ ಕೆಳಗ." ಹೊನ್ನೂರಮ್ಮ ನೀರು ಹಿಂಡುತ್ತಲೇ ಇದ್ದಳು. "ಪ್ರತಿ ಮಂಗಳವಾರ ಕಿಟಕ್ಯಾಗ ನಿಂತು ನೋಡ್ತಿದ್ದೆ. ನಮ್ಮ ತಂತಿ ಮುಂದ ಸೈಕಲ್ ನಿಲ್ಸಿ ನಿಂದ್ರತಿದ್ದ. ಏನು ಹುಡುಕ್ತಾನ ಅಂತ ಗೊತ್ತಿತ್ತು. ಅದ್ಕ ಹಾಕ್ಲಿಲ್ಲ."

"ಯಾಕ?"

"ಸೀರಿ ನೋಡಿ ಬರದು ಬ್ಯಾಡಾಗಿತ್ತು. ಸುಮ್ನ ಬಾಗ್ಲು ಬಡ್ದು, ಹೆಂಗದಿಯವ್ವ ಅಂತ ಕೇಳ್ಬೇಕಿತ್ತು." ಹಿಂಡುವ ಕೈ ನಿಂತಿತು. "ಈ ಮಂಗಳವಾರ ಬರ್ತಾನ, ಈ ಮಂಗಳವಾರ ಬರ್ತಾನ ಅಂತ ಉಟ್ಕೊಂಡು ಕುಂದ್ರತಿದ್ದೆ."

ಇಬ್ಬರೂ ಸೀರೆ ಹಿಡಿದುಕೊಂಡೇ ಅತ್ತರು. ಯಾರು ಎಷ್ಟು ಹೊತ್ತು ಅತ್ತರೆಂದು ಯಾರೂ ನೋಡಲಿಲ್ಲ.

"ಹಿತ್ತಲದಾಗ ಹರವ್ಲಾ?" ಎಂದಳು ಚೌಡಕ್ಕ, ಈಗ ಮೆತ್ತಗಾದ ದನಿಯಲ್ಲಿ.

"ಬ್ಯಾಡ," ಎಂದಳು ಹೊನ್ನೂರಮ್ಮ. "ಮುಂದ ತಂತಿ ಕಟ್ರಿ."

ಶಾಮಿಯಾನ ಬಿಚ್ಚಿದ್ದರು. ಬೆಳಿಗ್ಗೆ ಸುತ್ತಿಟ್ಟಿದ್ದ ತಂತಿಯನ್ನು ಅಂಜಿನಕ್ಕ ಮೊದಲಿನ ಮೊಳೆಗಳಿಗೇ ಕಟ್ಟಿದಳು. ಹೊನ್ನೂರಮ್ಮ ಸೀರೆಯನ್ನು ಮಡಿಕೆ ಇಲ್ಲದಂತೆ, ಅಂಚು ಓಣಿಗೆ ಕಾಣುವಂತೆ ಎಳೆದೆಳೆದು ಹರವಿದಳು. ಸಂಜೆಯ ಬಿಸಿಲು ಅದರ ಮೇಲೆ ಬಿತ್ತು. ಕೆಳಗೆ ಸೈಕಲ್ ನಿಂತಿತ್ತು. ಅರಸೀಕೆರೆಗೆಂದು ಕಟ್ಟಿಟ್ಟ ಗಂಟಿನ ಮೇಲೆ ಸೀರೆಯ ನೀರು ತೊಟ್ಟಿಕ್ಕುತ್ತಿತ್ತು.