ಮೂಗ ಕುಕ್ಕರ್

"ಮುಖ ಬೇಡ. ಕುಕ್ಕರ್ ಕಂಡ್ರೆ ಸಾಕು," ಎಂದಳು ಲಿಯೊಕಾಡಿಯಾ, ವಕೀಲಿ ಕಚೇರಿಯ ಒಡತಿ.

ಪರದೆಯ ಮೇಲೆ ಅನ್ಸೆಲ್ಮೊನ ಎಳೆಯ ಮುಖ ನಗುತ್ತಿತ್ತು. ಹಳೆಯ ಪತ್ರಿಕೆಯ ಚಿತ್ರ ಅದು. ಎಂಜಿನಿಯರಿಂಗ್ ಕಾಲೇಜಿನ ಪ್ರದರ್ಶನದಲ್ಲಿ, ತಾನೇ ಮಾಡಿದ ಸದ್ದಿಲ್ಲದ ವಾಲ್ವಿನ ಕುಕ್ಕರನ್ನು ಕೂಸಿನಂತೆ ಎತ್ತಿ ಹಿಡಿದಿದ್ದ. ಅದು ಹೇಗೆ ಕೆಲಸ ಮಾಡುತ್ತದೆಂದು ಕೆಳಗೆ ಹೆಮ್ಮೆಯಿಂದ ವಿವರಿಸಿದ್ದ.

ಎಡವಟ್ಟಾದದ್ದು ಅಲ್ಲೇ. ಮೊದಲು ಪೇಟೆಂಟಿಗೆ ಅರ್ಜಿ, ಆಮೇಲೆ ಡಂಗುರ ಎಂಬುದು ಅವನಿಗೆ ತಿಳಿಯುವಷ್ಟರಲ್ಲಿ ಗಡುವು ಮೀರಿತ್ತು. ಆ ಸಂಕಟಕ್ಕೇ ಕಾನೂನು ಓದಿ ಪೇಟೆಂಟ್ ವಕೀಲನಾದ. ಅಂದಿನಿಂದ ಬೇರೆಯವರ ಬಾಟಲಿ ಮುಚ್ಚಳಗಳನ್ನು ಅವರಿಗೇ ಗುರುತು ಸಿಗದ ಭಾಷೆಯಲ್ಲಿ ವರ್ಣಿಸಿ ಹೊಟ್ಟೆ ಹೊರೆಯುತ್ತಿದ್ದ. ಬ್ರೆಜಿಲ್ಲಿನ ಈ ರಿಯೋದಲ್ಲಿ ವಕೀಲರನ್ನೂ ಡಾಕ್ಟರ್ ಎನ್ನುತ್ತಾರೆ. ಅಷ್ಟು ಲಾಭ.

ಈಗ ಯಾವುದೋ ಕಂಪನಿ ಅದೇ ವಾಲ್ವಿಗೆ ಪೇಟೆಂಟ್ ಪಡೆದಿತ್ತು. ಅದು ರದ್ದಾದರೆ ಅನ್ಸೆಲ್ಮೊನ ಕಕ್ಷಿದಾರ ಪುಕ್ಕಟೆಯಾಗಿ ಅದನ್ನೇ ಮಾಡಿ ಮಾರಬಹುದು. ರದ್ದಾಗಲು, ಇದು ಮೊದಲೇ ಜಗಜ್ಜಾಹೀರಾಗಿತ್ತೆಂದು ತೋರಿಸಬೇಕು. ಚಿತ್ರ ಹುಡುಕಿ ತಂದವನು ಅನ್ಸೆಲ್ಮೊನೇ. ಇದು ತನ್ನದೆಂದು ಸರಕಾರದ ಕಡತದಲ್ಲಿ ಒಮ್ಮೆಯಾದರೂ ದಾಖಲಾಗಲಿ ಎಂಬ ಆಸೆ, ನಾಚಿಕೆಯಾಗುವಷ್ಟು.

"ಹೆಸರಾದ್ರೂ ಇರ್ಲಿ," ಎಂದ.

"ನಮ್ಮೋನೇ ಅಂತ ಗೊತ್ತಾದ್ರೆ ಎದುರಿನವ್ರು ಬಿಡ್ತಾರಾ? ತಾರೀಖು ಮುಖ್ಯ ಮಾರಾಯ, ನೀನಲ್ಲ."

"ಆದ್ರೆ ಮಾಡಿದ್ದು ನಾನು."

"ಇದು ಯಾರದ್ದೂ ಅಲ್ಲ ಅಂತ ತಾನೇ ನಮ್ಮ ವಾದ? ಅರ್ಜೀಲಿ ನೀನೇ ಬರೆದಿದ್ದೀಯ. ಚೆನ್ನಾಗಿದೆ. ಸಹಿ ನಾನು ಹಾಕ್ತೀನಿ."

ಅವನೇ ಕತ್ತರಿಸಿದ, ಎಂಜಿನಿಯರನ ಅಚ್ಚುಕಟ್ಟಿನಿಂದ. ಮುಖ ಹೋಯಿತು, ಹೆಸರು ಹೋಯಿತು. ಕುಕ್ಕರಿನ ಎರಡೂ ಬದಿಗೆ ಬೆರಳುಗಳು ಮಾತ್ರ ಉಳಿದವು.

"ಬೆರಳು ಇರ್ಲಿ ಬಿಡು," ಲಿಯೊಕಾಡಿಯಾ ಉದಾರಿಯಾದಳು. "ಅದು ಯಾರದ್ದಾದ್ರೂ ಆಗ್ಬಹುದು."

ಸಂಜೆ ಮನೆಗೆ ಬಂದಾಗ ಹೆಂಡತಿ ನೇಯ್ಡೆ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಿದ್ದಳು.

"ಬೀನ್ಸ್ ಕಾಳು ಇಟ್ಟಿದ್ದೀನಿ, ನೋಡ್ಕೊಳ್ಳಿ. ನನ್ನ ಕುಕ್ಕರ್ ಕೆಟ್ಟಿದೆ. ಅಟ್ಟದಿಂದ ನಿಮ್ಮ ಆ ಮೂಗ ಕುಕ್ಕರನ್ನೇ ಇಳಿಸಿದೆ."

"ಇನ್ನೂ ಇದೆಯಾ ಅದು?"

"ನಾನೇನು ಎಸೀತೀನಾ? ನಿಮ್ದು ಅಂತ ಇರೋದು ಅದೊಂದೇ."

ಅವಳು ಪಕ್ಕದ ಮನೆಗೆ ಹೋದಳು. ಅವನು ಟೈ ಸಡಿಲಿಸಿ, ಕುರ್ಚಿ ಎಳೆದುಕೊಂಡು ಒಲೆಯ ಎದುರು ಕೂತ. ತನ್ನದೇ ವಾಕ್ಯಗಳು ತಲೆಯಲ್ಲಿ ಸುತ್ತುತ್ತಿದ್ದವು: ಇದರಲ್ಲಿ ಹೊಸದೇನೂ ಇಲ್ಲ, ಯಾರಿಗಾದರೂ ಹೊಳೆಯುವಂಥದ್ದು. ಯಾವ ಕುಕ್ಕರಿಗಾದರೂ ಕಾಯುವ ಹಾಗೆ, ಸದ್ದಾಗಲಿ ಎಂದು ಕಾಯುತ್ತಿದ್ದ.

ನೇಯ್ಡೆ ಓಡಿಬಂದು ಒಲೆ ಆರಿಸಿದಳು. ಅಡುಗೆಮನೆ ತುಂಬ ಸೀದ ವಾಸನೆ.

"ಡಾಕ್ಟ್ರೇ, ಎದುರಿಗೇ ಕೂತಿದ್ದೀರಲ್ಲ! ತಳ ಕರಕಲಾಗಿದೆ!"

"ಸದ್ದೇ ಮಾಡ್ಲಿಲ್ಲ."

"ಮಾಡ್ಬಾರ್ದು ಅಂತ ತಾನೇ ನೀವು ಮಾಡಿದ್ದು?"

ಅವನು ಎದ್ದು, ಕುಕ್ಕರನ್ನು ಎರಡೂ ಬದಿಯಿಂದ ಬರಿಗೈಯಲ್ಲಿ ಹಿಡಿದು ಎತ್ತಿದ. ಚಿತ್ರದಲ್ಲಿದ್ದ ಜಾಗಕ್ಕೇ ಬೆರಳುಗಳು ಕೂತವು.

"ಅಯ್ಯೋ, ಬಿಡ್ರೀ! ಸುಡಲ್ವಾ?"

ಸುಡುತ್ತಿತ್ತು. ಅವನು ಬಿಡಲೂ ಇಲ್ಲ, ಕೂಗಲೂ ಇಲ್ಲ.